ಅಜ್ಜನ ಮೇಜಿಗೆ ಚಪ್ಡಾ ಲಾಖ್ ಪಾಲಿಶ್: ನಾಲ್ಕ ವರ್ಷ ಬಳಸಿದ ಮ್ಯಾಲ

ಇದು ಯಾವುದೋ ಬ್ರ್ಯಾಂಡಿನ ಡಬ್ಬಿ ಬಗ್ಗೆ ಅಲ್ರಿ. ಪುಣೆ ರವಿವಾರ ಪೇಠ್ ಬೋಹರಿ ಆಳಿಯೊಳಗ ಬಿಡಿಯಾಗಿ ತೂಗಿ ಕೊಡ್ತಾರಲ್ಲ ಚಪ್ಡಾ ಲಾಖ್, ಅಂದ್ರ ನಮ್ಮ ಅರಗು, ಅದರ ಬಗ್ಗೆ. ಮುರಿದ ಹಪ್ಪಳದ ಚೂರಿನಂಗ ತೆಳ್ಳಗ ಇರ್ತದ, ಬೆಳಕಿಗೆ ಹಿಡದ್ರ ಜೇನಿನ ಬಣ್ಣ. 2021ರ ಫೆಬ್ರವರಿಯೊಳಗ ಅಜ್ಜನ ಸಾಗವಾನಿ ಮೇಜಿಗೆ ಹಚ್ಚಿದೆ, ಅವತ್ತಿಂದ ಅದ ಮೇಜಿನ ಮ್ಯಾಲ ದಿನಾ ಎಂಟ ತಾಸು ಲ್ಯಾಪ್‌ಟಾಪ್ ಇಟ್ಕೊಂಡು ಕೂಡ್ತೀನಿ, ಹಿಂಗಾಗಿ ಇದರ ಒಳ್ಳೇದು ಕೆಟ್ಟದ್ದು ಎರಡೂ ನೋಡೀನಿ.

ಮೇಜು ಅಥಣಿಯಿಂದ ಟೆಂಪೋದಾಗ ಬಂದದ್ದು. ಅಜ್ಜ ಸಾಲಿ ಮಾಸ್ತರು, ಪೇಪರ್ ತಿದ್ದಿದ್ದೆಲ್ಲಾ ಇದರ ಮ್ಯಾಲನ. ಅವರು ಹೋದ ಮ್ಯಾಲ ಕಾಕಾ ಅದಕ್ಕ ಹಸರ ಆಯಿಲ್ ಪೇಂಟ್ ಹೊಡಸಿದ್ರು, ಅದೂ ಎರಡ ಸಲ. ಮೊದಲ ಒಂದು ಮಾತು ಹೇಳಬೇಕು, ಹಳೇ ಆಯಿಲ್ ಪೇಂಟ್ ಇದ್ರ ಸೀದಾ ಪಾಲಿಶ್ ಪೇಪರ್ ತಗೊಂಡು ತಿಕ್ಕಲಿಕ್ಕೆ ಹೋಗಬ್ಯಾಡ್ರಿ. ನಮ್ಮ ದೇಶದಾಗ ಮನಿ ಪೇಂಟಿನೊಳಗ ಸೀಸ 90 ಪಿಪಿಎಮ್, ಅಂದ್ರ ಹತ್ತ ಲಕ್ಷ ಭಾಗದಾಗ 90 ಭಾಗ, ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದ 2017ರ ನವೆಂಬರ್‌ಗೆ, ಅದಕ್ಕಿಂತ ಹಿಂದಿನ ಪೇಂಟಿನೊಳಗ ಸೀಸ ಇರಬಹುದು ಅಂತನ ತಿಳ್ಕೋಬೇಕು, ಆ ಧೂಳ ಮಕ್ಕಳ ಮೈಗೆ ಹೋಗಬಾರದು. ನಾನು ಮಗಳನ್ನ ನಾಲ್ಕ ದಿನ ಅವ್ವನ ಕಡೆ ಬಿಟ್ಟು, ಬಾಲ್ಕನಿಯೊಳಗ ಪೇಂಟ್ ರಿಮೂವರ್ ಹಚ್ಚಿ, ಹಸಿ ಇದ್ದಾಗನ ಪುಟ್ಟಿ ಬ್ಲೇಡಿನಿಂದ ಎಬ್ಬಿಸಿದೆ. ಕಟ್ಟಿಗಿ ಮ್ಯಾಲಿನ ಪೇಂಟ್ ಪೂರಾ ಹೋದ ಮ್ಯಾಲನ ಪಾಲಿಶ್ ಪೇಪರ್, ಮೊದಲ 120 ನಂಬರಿಂದು, ಆಮ್ಯಾಲ 180, ಕಡೀಕ 220, ಯಾವಾಗಲೂ ಎಳಿ ಹೋದ ದಿಕ್ಕಿಗೆ.

ಲಾಖ್ ಸಲಹೆ ಕೊಟ್ಟಿದ್ದು ಭವಾನಿ ಪೇಠ್ ಟಿಂಬರ್ ಮಾರ್ಕೆಟ್ಟಿನ ಹತ್ರ ಪಾಲಿಶ್ ಮಾಡೋ ಮುದುಕರೊಬ್ರು. ಮನ್ಯಾಗ ಮಾಡೋರಿಗೆ ಇದರಷ್ಟು ಛಲೋ ಯಾವುದೂ ಇಲ್ಲ, ತಪ್ಪಾದ್ರ ಅದ ನಿಮ್ಮ ತಪ್ಪನ್ನ ತಿದ್ದಲಿಕ್ಕೆ ಬಿಡ್ತದ ಅಂದ್ರು. ಅದರ ಅರ್ಥ ಮುಂದ ತಿಳೀತು.

ಅರ್ಧ ಲೀಟರ್ ಪಾಲಿಶ್ ಸ್ಪಿರಿಟ್‌ಗೆ (ಅಂದ್ರ ಆಲ್ಕೋಹಾಲ್) 60 ಗ್ರಾಂ ಲಾಖ್, ಕುಟ್ಟಿ ಪುಡಿ ಮಾಡಿ ಹಾಕಿದ್ರ ಲಗೂನ ಕರಗ್ತದ, ಇಲ್ಲಾಂದ್ರ ಒಂದ ರಾತ್ರಿ ಬಿಡಬೇಕು, ನಡು ನಡುವ ಅಲುಗಾಡಿಸಿ. ಗಾಜಿನ ಬಾಟಲಿನ ಬೇಕು, ಕಬ್ಬಿಣದ ಡಬ್ಬಿಯೊಳಗ ಇಟ್ರ ಕಪ್ಪಾಗ್ತದ. ಮುಂಜಾನೆ ನೋಡಿದ್ರ ಕಾಕಂಬಿಗೆ ನೀರ ಬೆರೆಸಿದಂಗ ಕಾಣಸ್ತದ, ತೆಳ್ಳನ ಅರಿವ್ಯಾಗ ಸೋಸ್ರಿ. ಸ್ಪಿರಿಟ್ ಹತ್ರ ಗ್ಯಾಸ್ ಒಲಿ, ದೇವರ ದೀಪ ಏನೂ ಇರಬಾರದು, ಕಿಟಕಿ ತಗದಿರಬೇಕು.

ಹಚ್ಚೋದು ಬ್ರಶ್ಶಿನಿಂದ ಅಲ್ಲ. ಒಳಗ ಹತ್ತಿ, ಹೊರಗ ಅಜ್ಜಂದ ಹಳೇ ಧೋತರದ ತುಂಡು, ಎರಡೂ ಸೇರಿಸಿ ನಿಂಬಿಹಣ್ಣಿನಷ್ಟು ಗಂಟು ಕಟ್ಟಿದೆ. ಗಂಟಿನ ಒಳಗ ಲಾಖ್ ಹಾಕಿ ಹಿಂಡಿದ್ರ ಹೊರಗ ಬರೇ ಪಸಿ ಬರಬೇಕು, ಹನಿ ಬೀಳಬಾರದು. ಮೇಜಿನ ಈ ತುದಿಯಿಂದ ಒಳಗ ಬಂದು ಆ ತುದಿಯಿಂದ ಹೊರಗ ಹೋಗಬೇಕು, ನಡುವ ಕೈ ನಿಂತ್ರ ಅಲ್ಲೇ ಅಂಟಿ ಗುರ್ತು ಬೀಳ್ತದ. ಅರಿವಿ ಜಗ್ಗಲಿಕ್ಕೆ ಶುರು ಆದಾಗ ಒಂದ ಹನಿ ಅಗಸಿ ಎಣ್ಣಿ ಮುಟ್ಟಿಸಿದ್ರ ಮತ್ತ ಜಾರ್ತದ. ಮೊದಲನೇ ಕೈ, ಅಂದ್ರ ಮೊದಲನೇ ಪದರ, ಆದ ಮ್ಯಾಲ ಕಟ್ಟಿಗಿ ಮುಳ್ಳ ಮುಳ್ಳ ಆತು, 320ರ ಪೇಪರ್ ಹಗೂರಕ ಆಡಿಸಿದೆ. ನಾಲ್ಕ ಸಂಜಿ, ಒಟ್ಟ ಹತ್ತ ಕೈ. ಐದನೇ ಕೈಗೆ ಸಾಗವಾನಿ ಎಳಿ ಒಳಗಿಂದ ಎದ್ದ ಬಂದಂಗ ಆತು, ಅವ್ವ ಬಂದು ಅದರ ಮ್ಯಾಲ ಅಂಗೈ ಸವರಿ ಎಷ್ಟೋ ಹೊತ್ತು ನಿಂತ್ಲು. ಚನ್ನಪಟ್ಟಣದ ಗೊಂಬಿ ಮ್ಯಾಲ ಇರೋದೂ ಇದ ಅರಗು, ಆ ನುಣುಪ ಕೈಗೆ ಗೊತ್ತಾಗ್ತದ.

ಈಗ ತೊಂದರಿ. ಬಿಸಿ ಚಹಾದ ಕಪ್ ಇಟ್ರ ಬಿಳೇ ಉಂಗುರ ಬರ್ತದ, ಇಟ್ಟ ಮರತ್ರಂತೂ ಖಾತ್ರಿ. ಸೋಪಿನ ನೀರಿನಿಂದ ವರಸಿದ್ರ ಹೊಳಪು ಹೋಗ್ತದ, ಯಾಕಂದ್ರ ಲಾಖ್ ಕ್ಷಾರಕ್ಕ ಕರಗ್ತದ. ಊಟದ ಟೇಬಲ್ಲಿಗೆ, ಅಡಗಿಮನಿ ಕಟ್ಟೆಗೆ ಇದು ಬ್ಯಾಡೇ ಬ್ಯಾಡ. 2021ರ ಮೇ ತಿಂಗಳದಾಗ, ಕೊರೊನಾ ಎರಡನೇ ಅಲೆ ಇದ್ದಾಗ, ಸ್ಯಾನಿಟೈಜರ್ ಬಾಟಲಿ ಸೋರಿ (ಅದರಾಗೂ ಆಲ್ಕೋಹಾಲ್ ಇರ್ತದಲ್ಲ) ಮೇಜಿನ ಮ್ಯಾಲ ಅಂಗೈಯಷ್ಟು ಕಡೆ ಪಾಲಿಶ್ ಕರಗಿ ಜಿಗಿಜಿಗಿ ಆಗಿಬಿಡ್ತು. ನನಗ ಕಣ್ಣಾಗ ನೀರ ಬಂದಿತ್ತು. ಆರಲಿಕ್ಕೆ ಬಿಟ್ಟು, ಮರುದಿನ ತೆಳ್ಳನ ಲಾಖ್ ಗಂಟಿನಿಂದ ಅಲ್ಲಷ್ಟ ಏಳೆಂಟ ಸಲ ಎಳದೆ, ಹೊಸದು ಹಳೇದರೊಳಗ ಕರಗಿ ಒಂದಾತು, ಇವತ್ತ ಎಲ್ಲಿ ಅಂತ ತೋರಸಲಿಕ್ಕೆ ನನಗೂ ಆಗೂದಿಲ್ಲ. ಮುದುಕರು ಹೇಳಿದ್ದು ಇದ. ನಮ್ಮ ಟೀಪಾಯಿಗೆ ಮಾಡಿಸಿದ ಪಿಯು (ಪಾಲಿಯುರೆಥೇನ್) ಪಾಲಿಶ್ ನೀರು, ಬಿಸಿ ಎರಡಕ್ಕೂ ಜಗ್ಗಲಿಲ್ಲ, ಖರೇನ ಗಟ್ಟಿ, ಆದ್ರ ಒಂದ ಮೂಲಿ ಎದ್ದ ಮ್ಯಾಲ ತೇಪಿ ಕೂಡಲೇ ಇಲ್ಲ, ಪೂರಾ ಕೆರೆದು ಮತ್ತ ಮಾಡಬೇಕಾತು.

ಮಳಿಗಾಲದಾಗ ಹಚ್ಚಬ್ಯಾಡ್ರಿ. 2022ರ ಜುಲೈದಾಗ ಒಂದ ಕೈ ಹೆಚ್ಚಿಗಿ ಹಚ್ಚಿದೆ, ಹತ್ತ ನಿಮಿಷದಾಗ ಮೇಜು ಹಾಲ ಚೆಲ್ಲಿದಂಗ ಬಿಳಚಿಕೊಂಡ್ತು. ಸ್ಪಿರಿಟ್ ಆರೋವಾಗ ಮೇಲ್ಮೈ ತಂಪಾಗಿ ಗಾಳ್ಯಾಗಿನ ಪಸಿ ಅದರೊಳಗ ಸಿಗತದ. ಬಿಸಿಲ ಬಿದ್ದ ದಿನ ಬರೇ ಸ್ಪಿರಿಟ್ ಪಸಿ ಮಾಡಿದ ಅರಿವಿ ಎಳದ ಮ್ಯಾಲ ಹೋತು. ಇನ್ನೊಂದು, ಕಲಸಿದ್ದನ್ನ ಆರ ತಿಂಗಳಕ್ಕಿಂತ ಜಾಸ್ತಿ ಇಡಬ್ಯಾಡ್ರಿ, ಹಳೇದಾದ್ರ ಆರೂದಿಲ್ಲ. ಗಾಜಿನ ಮ್ಯಾಲ ಒಂದ ಹನಿ ಬಿಟ್ಟು ನೋಡ್ರಿ, ಮರುದಿನ ಉಗುರಿಗೆ ಅಂಟಿದ್ರ ಚೆಲ್ಲಿಬಿಡ್ರಿ.

5ಕ್ಕ 4 ಕೊಡ್ತೀನಿ, ಒಂದ ಕಡಿಮಿ ಮಾಡಿದ್ದು ಚಹಾದ ಕಪ್ಪಿನ ಸಲುವಾಗಿ. ಬರಿಯೋ ಮೇಜು, ಕಪಾಟು, ದೇವರ ಮಣಿ, ಕನ್ನಡಿ ಚೌಕಟ್ಟು ಇದ್ದೋರು ಧೈರ್ಯದಿಂದ ತಗೋರಿ, 250 ಗ್ರಾಂ ಸಾಕು. ಮೇಜಿನ ಬಲಗಡಿ ಮೂಲ್ಯಾಗ ಅಜ್ಜನ ಶಾಯಿ ಚೆಲ್ಲಿದ ಕಲೆ ಒಂದ ಅದ, ಆಕ್ಸಾಲಿಕ್ ಆಸಿಡ್ ಹಚ್ಚಿದ್ರ ಹೋಗ್ತದ ಅಂತ ಅಂಗಡ್ಯಾವ ಪುಡಿನೂ ಕೊಟ್ಟಿದ್ದ. ಪುಡಿ ಹಂಗ ಮ್ಯಾಲ ಎತ್ತಿಟ್ಟೀನಿ. ಲಾಖ್ ಹಚ್ಚಿದ ಮ್ಯಾಲ ಆ ನೀಲಿ ಇನ್ನೂ ಗಾಢ ಆಗೇದ.