ಚಿಕ್ಕ ತಟ್ಟೆಯ ಏಷ್ಯನ್ ಊಟ: ಕೌಂಟರ್ ಸೀಟೋ, ದೊಡ್ಡ ಮೇಜೋ, ಸೆಟ್ ಮೆನುವೋ?

ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಈಗೀಗ ಜಯನಗರದಲ್ಲೂ ಒಂದು ಬಗೆಯ ರೆಸ್ಟೋರೆಂಟ್ ಜಾಸ್ತಿಯಾಗಿವೆ. ಮೂವತ್ತು ನಲವತ್ತು ಜನ ಕೂರುವಷ್ಟು ಜಾಗ. ಅಡುಗೆಮನೆ ಎದುರಿಗೇ ಕಾಣುತ್ತದೆ. ಮೆನು ಒಂದೇ ಹಾಳೆ. ಅದರಲ್ಲಿ ತೈವಾನಿನ ಬಾವ್ ಅನ್ನುವ ಹಬೆಯ ಬನ್, ಜಪಾನಿನ ಗ್ಯೋಜಾ ಅನ್ನುವ ಹೂರಣದ ಕಡುಬು, ಥಾಯ್ ಪರಂಗಿಕಾಯಿ ಸಲಾಡ್, ಕೊರಿಯಾದ ಫ್ರೈಡ್ ಚಿಕನ್ ಎಲ್ಲ ಅಕ್ಕಪಕ್ಕ ಇರುತ್ತವೆ. ಎಲ್ಲವೂ ಹಂಚಿಕೊಂಡು ತಿನ್ನುವ ಸಣ್ಣ ತಟ್ಟೆಗಳು. ನಾನು ಹೋದ ಕಡೆಗಳಲ್ಲಿ ಒಂದು ತಟ್ಟೆಗೆ 350ರಿಂದ 550 ರೂಪಾಯಿ.

ಇಂಥ ಜಾಗಗಳಲ್ಲಿ ನಾನು ಮೂರು ಥರ ಊಟ ಮಾಡಿದ್ದೇನೆ. ಹೆಂಡತಿಯ ಜೊತೆ ಅಡುಗೆಮನೆ ಎದುರಿನ ಕೌಂಟರಿನಲ್ಲಿ. ಮನೆಯವರನ್ನೆಲ್ಲ ಕರೆದುಕೊಂಡು ದೊಡ್ಡ ಮೇಜಿನಲ್ಲಿ. ಆಮೇಲೆ, ತಲೆಗೆ ಇಷ್ಟು ಎಂದು ಮೊದಲೇ ದರ ಹೇಳಿ, ಅವರು ಕೊಟ್ಟಿದ್ದನ್ನು ತಿನ್ನುವ ಸೆಟ್ ಮೆನುವಿನಲ್ಲಿ. ಸ್ನೇಹಿತರೆಲ್ಲ ‘ಯಾವ ರೆಸ್ಟೋರೆಂಟ್ ಚೆನ್ನಾಗಿದೆ?’ ಅಂತ ಕೇಳ್ತಾರೆ. ನಾನು ‘ಎಷ್ಟು ಜನ ಹೋಗ್ತಿದ್ದೀರಿ, ಎಲ್ಲಿ ಕೂರ್ತೀರಿ?’ ಅಂತ ತಿರುಗಿ ಕೇಳುತ್ತೇನೆ. ಒಂದೇ ಅಡುಗೆಮನೆಯ ಒಂದೇ ತಿಂಡಿ ಕೌಂಟರಿನಲ್ಲಿ ಅದ್ಭುತವಾಗಿದ್ದು, ಮೇಜಿನಲ್ಲಿ ಸಪ್ಪೆಯಾಗಿದ್ದನ್ನು ನೋಡಿದ್ದೇನೆ.

ಕಾರಣ ಅಡುಗೆಮನೆ ನಡೆಯುವ ರೀತಿಯಲ್ಲಿದೆ. ನಮ್ಮ ಮಾಮೂಲಿ ಹೋಟೆಲಿನಲ್ಲಿ ಸ್ಟಾರ್ಟರ್, ಆಮೇಲೆ ರೊಟ್ಟಿ, ಆಮೇಲೆ ಅನ್ನ ಅನ್ನುವ ಕ್ರಮ ಇರುತ್ತದೆ. ಇಲ್ಲಿ ಅದಿಲ್ಲ. ಹಬೆಯಲ್ಲಿ ಬೇಯಿಸುವವನು ಒಬ್ಬ, ಎಣ್ಣೆಯಲ್ಲಿ ಕರಿಯುವವನು ಇನ್ನೊಬ್ಬ, ದೊಡ್ಡ ಬಾಣಲೆ ಹಿಡಿದವನು ಮತ್ತೊಬ್ಬ. ಯಾರ ಕೆಲಸ ಮುಗಿಯಿತೋ ಅವರ ತಟ್ಟೆ ಹೊರಡುತ್ತದೆ. ಜಪಾನಿನ ಇಝಾಕಾಯ ಅನ್ನುವ ಪಾನಗೃಹಗಳಲ್ಲೂ, ದಕ್ಷಿಣ ಚೀನಾದ ಕ್ಯಾಂಟನೀಸರ ಡಿಮ್ ಸಮ್ ಅನ್ನುವ ಸಣ್ಣ ತಿಂಡಿಗಳ ಅಂಗಡಿಗಳಲ್ಲೂ ತಟ್ಟೆಗಳು ಹೀಗೆ ಒಂದೊಂದಾಗಿಯೇ ಬರುತ್ತವೆ. ಅಲ್ಲಿಯವರು ನಿಧಾನವಾಗಿ ಒಂದೋ ಎರಡೋ ಹೇಳುತ್ತಾ ಕೂರುತ್ತಾರೆ. ನಾವು ಕೂತ ತಕ್ಷಣ ಹತ್ತು ಹೇಳಿಬಿಡುತ್ತೇವೆ, ಹತ್ತೂ ಒಟ್ಟಿಗೆ ಬಂದು ಬೀಳುತ್ತವೆ.

ಈ ತಿಂಡಿಗಳಿಗೆ ಕಾಯುವ ತಾಳ್ಮೆಯೂ ಇಲ್ಲ. ಹಾರ್ ಗಾವ್ ಅನ್ನುವ ಸಿಗಡಿ ಡಂಪ್ಲಿಂಗ್, ಅಂದರೆ ಹೂರಣದ ಕಡುಬು ತಗೊಳ್ಳಿ. ಅದರ ಹೊದಿಕೆ ಗೋಧಿಯ ಪಿಷ್ಟ ಮತ್ತು ಮರಗೆಣಸಿನ ಪಿಷ್ಟದ್ದು. ಬಿಸಿ ಇರುವಾಗ ಗಾಜಿನಂತೆ ಪಾರದರ್ಶಕ, ಮೆತ್ತಗೆ. ಆರಿದರೆ ಗಟ್ಟಿಯಾಗಿ ಬುಟ್ಟಿಗೆ ಅಂಟಿಕೊಳ್ಳುತ್ತದೆ. ಬಾವ್ ಹಬೆಯಿಂದ ಇಳಿದ ಕೆಲವೇ ನಿಮಿಷಕ್ಕೆ ಮೇಲೆಲ್ಲ ಒಣಗುತ್ತದೆ. ತೆಳು ಹಿಟ್ಟಿನಲ್ಲಿ ಅದ್ದಿ ಕರಿಯುವ ಜಪಾನಿನ ಟೆಂಪುರಾ ಬಗ್ಗೆ ಹೇಳೋದೇ ಬೇಡ, ಫೋಟೋ ತೆಗೆಯುವಷ್ಟರಲ್ಲಿ ಅದರ ಕತೆ ಮುಗಿದಿರುತ್ತದೆ.

ಕೌಂಟರ್ ಗೆಲ್ಲುವುದು ಇಲ್ಲೇ. ಮಧ್ಯೆ ಮಾಣಿ ಇಲ್ಲ. ಎರಡು ತಟ್ಟೆ ಹೇಳಿ, ತಿಂದು, ಮುಂದಿನ ಎರಡು ಹೇಳಬಹುದು. ಬಾಣಲೆ ಹಿಡಿದವನಿಗೆ ನಮ್ಮ ತಟ್ಟೆ ಖಾಲಿಯಾಗಿದ್ದು ಕಾಣುತ್ತದೆ. ಗ್ಯೋಜಾ ಮಾಡುವುದನ್ನು ನೋಡುತ್ತಾ ಕೂರುವುದೇ ಒಂದು ಖುಷಿ. ಸಾಲಾಗಿ ಜೋಡಿಸಿ, ತಳ ಕೆಂಪಗಾಗುವವರೆಗೆ ಎಣ್ಣೆಯಲ್ಲಿ ಬಿಟ್ಟು, ಚುರ್ರ್ ಅಂತ ನೀರು ಸುರಿದು ಮುಚ್ಚುತ್ತಾರೆ. ಹಬೆಯಲ್ಲಿ ಮೇಲ್ಭಾಗ ಬೇಯುತ್ತದೆ. ನೀರು ಇಂಗಿದ ಮೇಲೆ ಮುಚ್ಚಳ ತೆಗೆದು ತಳವನ್ನು ಮತ್ತೆ ಗರಿಗರಿ ಮಾಡುತ್ತಾರೆ. ಅಲ್ಲಿಂದ ನನ್ನ ಬಾಯಿಗೆ ಎರಡೇ ಅಡಿ. ಮೇಜಿಗೆ ಬರುವ ಗ್ಯೋಜಾಗೆ ಈ ಭಾಗ್ಯ ಇಲ್ಲ.

ಅಡುಗೆ ಹುಡುಗರ ಜೊತೆ ಮಾತೂ ಸಿಗುತ್ತದೆ. ಬೆಂಗಳೂರಿನ ಇಂಥ ಅಡುಗೆಮನೆಗಳಲ್ಲಿ ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು ಮಣಿಪುರ, ಡಾರ್ಜಿಲಿಂಗ್, ನೇಪಾಳದ ಕಡೆಯವರು. ಕನ್ನಡ ಅಷ್ಟಿಷ್ಟು, ಹಿಂದಿ ಒಂದಿಷ್ಟು ಸೇರಿಸಿ ಮಾತು ಸಾಗುತ್ತದೆ. ‘ಸಾರ್, ಅದು ಬೇಡ, ಇವತ್ತು ಅಣಬೆ ಚೆನ್ನಾಗಿದೆ, ಅದು ತಗೊಳ್ಳಿ’ ಅಂದ ಹುಡುಗನ ಮಾತು ಕೇಳಿ ತಿಂದ ಬೆಂದ ಅಣಬೆಯ ರುಚಿ ಇನ್ನೂ ಬಾಯಲ್ಲಿದೆ. ಮೆನುವಿನಲ್ಲಿ ಅದರ ಹೆಸರು ನೋಡಿ ನಾನಂತೂ ಹೇಳುತ್ತಿರಲಿಲ್ಲ.

ತೊಂದರೆಗಳೂ ಇವೆ. ಒರಗಲು ಬೆನ್ನಿಲ್ಲದ ಎತ್ತರದ ಸ್ಟೂಲು, ಅರ್ಧ ಗಂಟೆಗೆ ಸೊಂಟ ದೂರು ಹೇಳುತ್ತದೆ. ಬಾಣಲೆಯ ಹೊಗೆ ಬಟ್ಟೆಗೆಲ್ಲ ಹಿಡಿಯುತ್ತದೆ, ಅಲ್ಲಿಂದ ಸೀದಾ ಮದುವೆ ರಿಸೆಪ್ಷನ್‌ಗೆ ಹೋಗುವ ಹಾಗಿಲ್ಲ. ಮೂರು ಜನ ಹೋದರೆ ಕೊನೆಯವರು ಮಾತಿನಿಂದ ಹೊರಗೇ ಉಳಿಯುತ್ತಾರೆ. ಹಾಗಾಗಿ ಕೌಂಟರ್ ಇಬ್ಬರಿಗೆ ಮಾತ್ರ. ಒಬ್ಬರೇ ಹೋದರೂ ಸರಿ, ಆದರೆ ಮೂರು ತಟ್ಟೆಗೇ ಹೊಟ್ಟೆ ತುಂಬಿ ಉಳಿದದ್ದರ ರುಚಿ ನೋಡಲು ಆಗುವುದಿಲ್ಲ.

ಇನ್ನು ದೊಡ್ಡ ಮೇಜು. ನಾವು ಐದು ಜನ ಹೋಗಿದ್ದೆವು, ಅದರಲ್ಲಿ ನನ್ನ ಸೋದರತ್ತೆಯೂ ಒಬ್ಬರು. ಅವರು ಮೈಸೂರಿನವರು, ಅಪ್ಪಟ ಸಸ್ಯಾಹಾರಿ, ಹೊಸ ತಿಂಡಿ ಅಂದರೆ ಮುಂದೆ. ಮೊದಲ ತಟ್ಟೆ ಬಂತು. ಅದರಲ್ಲಿ ನಾಲ್ಕು ಡಂಪ್ಲಿಂಗ್. ‘ಅಲ್ಲ ಕಣೋ, ಐದು ಜನ ಕೂತಿರೋದು ಕಾಣಲ್ವಾ ಇವರಿಗೆ?’ ಅಂದರು ಅತ್ತೆ. ಈ ಬಗೆಯ ಊಟದ ದೊಡ್ಡ ಕಷ್ಟವೇ ಇದು. ಡಂಪ್ಲಿಂಗ್ ಮೂರೋ ನಾಲ್ಕೋ ಬರುತ್ತವೆ, ಬಾವ್ ಎರಡು ಬರುತ್ತವೆ. ಐದು ಜನರಿಗೆ ಯಾವುದೂ ಭಾಗವಾಗುವುದಿಲ್ಲ. ಒಬ್ಬರು ‘ನನಗೆ ಬೇಡ’ ಅನ್ನುತ್ತಾರೆ, ಇನ್ನೊಬ್ಬರು ಕತ್ತರಿಸಲು ಹೋಗಿ ಒಳಗಿನ ಹೂರಣವೆಲ್ಲ ತಟ್ಟೆಗೆ ಚೆಲ್ಲುತ್ತದೆ. ಒಂದು ಹೆಚ್ಚಿಗೆ ಹಾಕಿಕೊಡಿ, ಅದಕ್ಕೆ ದುಡ್ಡು ಸೇರಿಸಿ ಅಂತ ಕೇಳಿದರೆ ಕೆಲವು ಕಡೆ ಒಪ್ಪುತ್ತಾರೆ. ಕೇಳಬೇಕು ಅಷ್ಟೆ. ನಾಲ್ಕು ಜನವಾದರೆ ಈ ಲೆಕ್ಕ ಸಲೀಸು.

ಮೇಜಿನಲ್ಲಿ ಕೂತಾಗ ಎಲ್ಲ ಒಟ್ಟಿಗೆ ಹೇಳಬೇಡಿ. ಮೊದಲು ಸಲಾಡ್ ಮತ್ತು ಹಬೆಯ ತಿಂಡಿ, ಅವು ಬಂದ ಮೇಲೆ ಕರಿದದ್ದು, ಕೊನೆಗೆ ಒಂದು ಅನ್ನವೋ ನೂಡಲ್ಸೋ. ಕೊನೆಯದ್ದು ತಪ್ಪಿಸಬೇಡಿ. ಎಷ್ಟು ತಟ್ಟೆ ಖಾಲಿ ಮಾಡಿದರೂ ಅನ್ನ ಬೀಳದೆ ನಮ್ಮವರಿಗೆ ಊಟ ಆಯಿತು ಅನಿಸುವುದಿಲ್ಲ, ಅಲ್ವಾ? ಆ ದಿನ ಅತ್ತೆಗೆ ಸಮಾಧಾನ ತಂದದ್ದು ತೆಂಗಿನಹಾಲಿನ ಕರಿ ಮತ್ತು ಒಂದು ಬಟ್ಟಲು ಅನ್ನ.

ಆ ಕರಿ ಬರುವ ಮೊದಲು ದೊಡ್ಡ ವಿಚಾರಣೆಯೇ ನಡೆದಿತ್ತು. ಸಸ್ಯಾಹಾರಿಗಳಿರುವ ಮನೆಯವರು ಇದನ್ನು ಗಮನಿಸಬೇಕು. ಈ ದೇಶಗಳ ಅಡುಗೆಯಲ್ಲಿ ಮೀನು ಕಣ್ಣಿಗೆ ಕಾಣದ ರೂಪದಲ್ಲಿ ಇರುತ್ತದೆ. ಥಾಯ್ ಕರಿ ಪೇಸ್ಟಿನಲ್ಲಿ ಸಾಮಾನ್ಯವಾಗಿ ಸಿಗಡಿ ಪೇಸ್ಟ್ ಇರುತ್ತದೆ. ಪರಂಗಿಕಾಯಿ ಸಲಾಡಿಗೆ ಮೀನಿನ ಸಾಸು, ಎಷ್ಟೋ ಸಲ ಒಣಸಿಗಡಿಯೂ. ಹುದುಗಿಸಿದ ಸೋಯಾದಿಂದ ಮಾಡುವ ಜಪಾನಿನ ಮಿಸೊ ಸೂಪಿನ ತಳದಲ್ಲಿರುವ ದಾಶಿ ಅನ್ನುವ ಸಾರು ಒಣಗಿಸಿದ ಬೊನಿಟೊ ಮೀನಿನ ಎಸಳುಗಳದ್ದು. ಕೊರಿಯಾದ ಹುದುಗಿಸಿದ ಎಲೆಕೋಸು ಕಿಮ್ಚಿಗೂ ಮೀನು ಅಥವಾ ಸಿಗಡಿ ಬೀಳುತ್ತದೆ. ಸೊಪ್ಪು, ಬ್ರೊಕೊಲಿ ಹುರಿದದ್ದು ಅಂದರೂ ಅದರಲ್ಲಿ ಆಯ್ಸ್ಟರ್ ಸಾಸ್ ಇರಬಹುದು. ಅದು ಕಪ್ಪೆಚಿಪ್ಪಿನ ಜಾತಿಯ ಜೀವಿಯಿಂದ ಬಂದದ್ದು.

‘ಇದು ವೆಜ್ಜಾ?’ ಅಂತ ಕೇಳಿದರೆ ಮಾಣಿ ತುಂಡು ಮಾಂಸ ಇದೆಯೋ ಇಲ್ಲವೋ ಅಷ್ಟನ್ನೇ ಯೋಚಿಸಿ ಹೂಂ ಅನ್ನಬಹುದು. ‘ಮೀನಿನ ಸಾಸ್, ಸಿಗಡಿ ಪೇಸ್ಟ್, ಆಯ್ಸ್ಟರ್ ಸಾಸ್ ಇದೆಯಾ?’ ಅಂತ ಒಂದೊಂದಾಗಿ ಕೇಳಿ. ಒಳ್ಳೆಯ ಅಡುಗೆಮನೆಯವರು ಸಸ್ಯಾಹಾರಕ್ಕೆ ಬೇರೆ ಪೇಸ್ಟ್ ಅರೆದಿಟ್ಟಿರುತ್ತಾರೆ. ದಾಶಿಯನ್ನೂ ಕೊಂಬು ಅನ್ನುವ ಕಡಲಪಾಚಿ ಮತ್ತು ಒಣ ಶಿಟಾಕಿ ಅಣಬೆಯಲ್ಲಿ ಮಾಡಬಹುದು, ಜಪಾನಿನ ಬೌದ್ಧ ಮಠಗಳಲ್ಲಿ ಮಾಡುವುದೇ ಹಾಗೆ. ಈರುಳ್ಳಿ ಬೆಳ್ಳುಳ್ಳಿಯೂ ಬೇಡ ಅನ್ನುವವರಿಗೆ ಮಾತ್ರ ಇಲ್ಲಿ ಸಿಗುವುದು ತೀರಾ ಕಡಿಮೆ. ವಿಚಾರಣೆಯ ರಗಳೆಯೇ ಬೇಡವಾದರೆ ಬರ್ಮಾ ಬರ್ಮಾ ಅನ್ನುವ ರೆಸ್ಟೋರೆಂಟ್ ಇದೆ, ಅಲ್ಲಿ ಎಲ್ಲವೂ ಸಸ್ಯಾಹಾರ. ಅಲ್ಲಿಯ ಚಹಾ ಎಲೆಯ ಸಲಾಡ್ ಮತ್ತು ಸಮೋಸಾ ಸೂಪ್ ಅತ್ತೆಗೆ ಹಿಡಿಸಿತು. ಬರ್ಮಾಕ್ಕೆ ಸಮೋಸ ಹೋದದ್ದು ಭಾರತದಿಂದಲೇ ಅಂದಾಗ ‘ಮತ್ತೆ! ಅದಕ್ಕೇ ಬಾಯಿಗೆ ಹತ್ತಿತು’ ಅಂದರು.

ಮಿಶ್ರಣದ ವಿಷಯ ಬಂತು, ಹೇಳಿಬಿಡುತ್ತೇನೆ. ಬೇರೆ ಬೇರೆ ದೇಶದ ಅಡುಗೆ ಬೆರೆಸುವುದಕ್ಕೆ ಮೂಗು ಮುರಿಯುವವರು ನಮ್ಮಲ್ಲಿ ಇದ್ದಾರೆ. ಅವರೇ ಸಂಜೆ ಗಾಡಿಯ ಮುಂದೆ ನಿಂತು ಗೋಬಿ ಮಂಚೂರಿ ತಿನ್ನುತ್ತಾರೆ. ಕೋಲ್ಕತ್ತ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಎಲ್ಲರೂ ಹೇಳುವ ಕತೆ. ಅದು ಕೋಳಿ ಬಿಟ್ಟು ಹೂಕೋಸು ಹಿಡಿದು ನಮ್ಮ ಊರೂರ ಜಾತ್ರೆಗೂ ಬಂದಿದೆ. ಎಷ್ಟರ ಮಟ್ಟಿಗೆ ನಮ್ಮದಾಗಿದೆ ಅಂದರೆ 2024ರ ಮಾರ್ಚ್‌ನಲ್ಲಿ ಅದಕ್ಕೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ರಾಜ್ಯ ಸರ್ಕಾರವೇ ಆದೇಶ ಹೊರಡಿಸಬೇಕಾಯಿತು.

ಹಾಗಾಗಿ ನನ್ನ ತಕರಾರು ಬೆರೆಸುವುದಕ್ಕಲ್ಲ, ಹೊಂದದ್ದನ್ನು ಬೆರೆಸುವುದಕ್ಕೆ. ಬಾವ್ ಒಳಗೆ ಕುಂದಾಪುರದ ಗೀ ರೋಸ್ಟ್ ಇಟ್ಟದ್ದನ್ನು ತಿಂದೆ, ಬಹಳ ಚೆನ್ನಾಗಿತ್ತು. ಬಾವ್ ಮೆತ್ತಗೆ, ಸ್ವಲ್ಪ ಸಿಹಿ, ಸಪ್ಪೆ. ಬ್ಯಾಡಗಿ ಮೆಣಸಿನಕಾಯಿಯ ಖಾರ, ಹುಣಸೆಹುಳಿ, ತುಪ್ಪ ಎಲ್ಲವನ್ನೂ ಅದು ಹೀರಿಕೊಳ್ಳುತ್ತದೆ, ಕೋಳಿಸಾರಿನ ಜೊತೆ ನೀರುದೋಸೆ ಹೀರಿಕೊಂಡ ಹಾಗೆ. ತೈವಾನಿನಲ್ಲೂ ಅದರೊಳಗೆ ಕೊಬ್ಬಿನ ಹಂದಿಮಾಂಸ, ಉಪ್ಪಿನಕಾಯಿಯಂತೆ ಹುಳಿ ಬರಿಸಿದ ಸಾಸಿವೆ ಸೊಪ್ಪು, ಕಡಲೆಕಾಯಿ ಪುಡಿ ಇಡುತ್ತಾರೆ. ಅಲ್ಲೂ ಹುಳಿ, ಉಪ್ಪು, ಜಿಡ್ಡು. ತರ್ಕ ಒಂದೇ. ಆದರೆ ಪನೀರ್ ಟಿಕ್ಕಾ ಸುಶಿ? ಸುಶಿ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿರುತ್ತಾರೆ. ಅದರ ಪಕ್ಕ ಗರಂ ಮಸಾಲೆ ಬಂದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಟ್ರಫಲ್ ಅನ್ನುವ ದುಬಾರಿ ಅಣಬೆಯ ಹೆಸರಿನ ಎಣ್ಣೆ ಚಿಮುಕಿಸಿದ ಡಂಪ್ಲಿಂಗ್ ಕೂಡ ನನಗೆ ಬೇಡ. ಅಂಗಡಿಯಲ್ಲಿ ಸಿಗುವ ಆ ಎಣ್ಣೆಗಳಲ್ಲಿ ಹೆಚ್ಚಿನವುಗಳ ವಾಸನೆ ಟ್ರಫಲ್‌ನಿಂದ ಬಂದದ್ದೇ ಅಲ್ಲ, ಲ್ಯಾಬಿನಿಂದ ಬಂದದ್ದು. ಅದಕ್ಕೆ ನೂರು ರೂಪಾಯಿ ಜಾಸ್ತಿ ಯಾಕೆ ಕೊಡಬೇಕು?

ಮೂರನೆಯದು ಸೆಟ್ ಮೆನು. ತಲೆಗೆ ಸುಮಾರು 2,200 ರೂಪಾಯಿ, ಏಳೆಂಟು ತಟ್ಟೆ, ಮೇಜಿನಲ್ಲಿರುವ ಎಲ್ಲರೂ ಸೆಟ್ಟನ್ನೇ ತಗೊಳ್ಳಬೇಕು, ಸಸ್ಯಾಹಾರದ್ದೋ ಮಾಂಸಾಹಾರದ್ದೋ. ಹಗುರವಾದದ್ದು ಮೊದಲು, ಖಾರ ನಂತರ, ಕೊನೆಗೆ ಅನ್ನ, ಸಿಹಿ. ತಟ್ಟೆಗಳು ಬರುವ ಕ್ರಮ ಮಾತ್ರ ಇದರಲ್ಲೇ ಎಲ್ಲಕ್ಕಿಂತ ಚೆನ್ನಾಗಿತ್ತು, ಯಾವುದೂ ಆರಲಿಲ್ಲ. ಆಯ್ಕೆಯ ತಲೆನೋವೂ ಇಲ್ಲ. ಆದರೆ ನನ್ನ ಹೆಂಡತಿ ತಗೊಂಡ ಸಸ್ಯಾಹಾರದ ಸೆಟ್ಟಿನಲ್ಲಿ ಅಣಬೆ ಡಂಪ್ಲಿಂಗಾಗಿ ಬಂತು, ಬಾವ್ ಒಳಗೆ ಬಂತು, ಕೊನೆಗೆ ಅನ್ನದ ಮೇಲೂ ಬಂತು. ‘ಇನ್ನು ಐಸ್‌ಕ್ರೀಮಲ್ಲೂ ಅಣಬೆ ಇರುತ್ತೇನೋ ನೋಡಿ’ ಅಂದಳು. ದರ ಮಾತ್ರ ನನ್ನ ಸೆಟ್ಟಿಗಿಂತ ಹೆಚ್ಚೇನೂ ಕಡಿಮೆ ಇರಲಿಲ್ಲ. ಮಾಂಸ, ಮೀನು ಎಲ್ಲ ತಿನ್ನುವವರು, ಈ ಅಡುಗೆಗೆ ಹೊಸಬರು, ಎರಡು ಗಂಟೆ ಬಿಡುವಿರುವವರು ಒಮ್ಮೆ ನೋಡಬಹುದು. ಇಷ್ಟವಾದದ್ದನ್ನು ಇನ್ನೊಂದು ತಟ್ಟೆ ಕೇಳುವಂತಿಲ್ಲ ಅನ್ನುವುದು ನನಗೆ ಒಗ್ಗುವುದಿಲ್ಲ.

ಖರ್ಚಿನ ಲೆಕ್ಕ ಸ್ವಲ್ಪ ವಿಚಿತ್ರವಾಗಿದೆ. ಕೌಂಟರಿನಲ್ಲಿ ಇಬ್ಬರಿಗೆ ಐದು ತಟ್ಟೆ ಸಾಕಾಗುತ್ತದೆ, 5% ಜಿಎಸ್‌ಟಿ ಸೇರಿ ತಲೆಗೆ ಹೆಚ್ಚುಕಡಿಮೆ 1,200. ಗುಂಪಾಗಿ ಹೋದರೆ ಅಗ್ಗವಾಗಬೇಕಿತ್ತು, ಆದರೆ ತಲೆಗೆ 1,400 ದಾಟಿತು. ಭಾಗ ಬರಲಿಲ್ಲ ಅಂತ ಎರಡನೇ ತಟ್ಟೆ, ಮಕ್ಕಳಿಗೆ ಬೇರೆ, ಅತ್ತೆಗೆ ಬೇರೆ, ಮೇಲೆ ಅನ್ನ. ಯಾರೂ ಲೆಕ್ಕ ಇಡುತ್ತಿರುವುದಿಲ್ಲ. ಎಲ್ಲೂ ಪಾನೀಯ ಸೇರಿಸಿಲ್ಲ. ಅದನ್ನು ಸೇರಿಸಿದರೆ ಬಿಲ್ಲಿನ ಅರ್ಧ ಅದೇ ಆಗಬಹುದು.

ಇನ್ನು ಸರ್ವಿಸ್ ಚಾರ್ಜ್. ದೊಡ್ಡ ಮೇಜಿನ ಬಿಲ್ಲಿನಲ್ಲಿ 10% ಅಂತ ಒಂದು ಸಾಲು ಸುಮ್ನೆ ಕೂತಿತ್ತು. ರೆಸ್ಟೋರೆಂಟ್‌ಗಳು ಇದನ್ನು ತಾವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ಇದನ್ನು ತೆಗೀರಿ’ ಅಂದೆ, ಮರುಮಾತಿಲ್ಲದೆ ತೆಗೆದರು. ಬಡಿಸಿದ ಹುಡುಗನ ಕೈಗೆ ನಾನೇ ದುಡ್ಡು ಕೊಟ್ಟೆ. ಅಡುಗೆಮನೆಯವರಿಗೂ ಕೊಡೋಣ ಅಂದರೆ ಮೇಜಿನಿಂದ ಅವರು ಸಿಗುವುದಿಲ್ಲ. ಕೌಂಟರಿನಲ್ಲಾದರೆ ಕೈ ಚಾಚಿದರೆ ಸಾಕು.