‘ಅಕೌಂಟ್ ಕೊಡು, ಐದು ಸಾವಿರ ತಗೋ’ ಅನ್ನುವವರಿಂದ ದೂರ ಇರಿ

ದ್ವಿತೀಯ ಪಿಯು ಪರೀಕ್ಷೆ ಮುಗಿದು ಹುಡುಗರು ಕೈಖರ್ಚಿಗೆ ಕೆಲಸ ಹುಡುಕುವ ಹೊತ್ತಿಗೆ ಸರಿಯಾಗಿ ವಾಟ್ಸ್ಆ್ಯಪ್‌ನಲ್ಲಿ ಬರುವ ಮೆಸೇಜ್ ಇದು: ‘ಬ್ರೋ, ಸೇವಿಂಗ್ಸ್ ಅಕೌಂಟ್ ಇದ್ಯಾ? ಏನೂ ಮಾಡೋದ್ ಬೇಡ, ಕೊಟ್ರೆ ಐದು ಸಾವಿರ.’ ಕಳಿಸುವವನು ಬಹಳ ಸಲ ಹಾಸ್ಟೆಲಿನ ಸೀನಿಯರ್ರೋ ಟ್ಯೂಷನ್ ಗೆಳೆಯನೋ ಆಗಿರುತ್ತಾನೆ. ಒಬ್ಬನನ್ನು ಕರೆತಂದರೆ ಅವನಿಗೂ ಕಮಿಷನ್.

ಸಿಕ್ಕಿಬಿದ್ದ ಹುಡುಗರ ಪಾಡು ಹೆಚ್ಚುಕಮ್ಮಿ ಒಂದೇ. ಪಾಸ್‌ಬುಕ್, ಎಟಿಎಂ ಕಾರ್ಡ್, ಖಾತೆಗೆ ಜೋಡಿಸಿದ ಸಿಮ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ – ಈ ನಾಲ್ಕನ್ನೂ ‘ಕಿಟ್’ ಅಂತ ಒಟ್ಟಿಗೆ ಕೇಳುತ್ತಾರೆ. ಸಿಮ್ ಕೊಟ್ಟ ಮೇಲೆ ಓಟಿಪಿಯೂ ಅವರಿಗೇ ಹೋಗುತ್ತದೆ, ಹುಡುಗನಿಗೆ ಒಂದು ಎಸ್ಸೆಮ್ಮೆಸ್ ಕೂಡ ಬರುವುದಿಲ್ಲ. ಇನ್ನೊಂದು ಬಗೆಯಲ್ಲಿ ಖಾತೆ ಹುಡುಗನ ಕೈಯಲ್ಲೇ ಇರುತ್ತದೆ. 40–50 ಸಾವಿರ ಬಂದು ಬೀಳುತ್ತದೆ, ‘ಹತ್ತೇ ನಿಮಿಷದಲ್ಲಿ ಡ್ರಾ ಮಾಡಿ ಕೊಡು, ನಿನ್ನ ಪಾಲು ಇಟ್ಕೋ’ ಎಂಬ ಫೋನೂ ಬರುತ್ತದೆ. ಆ ಅವಸರಕ್ಕೆ ಕಾರಣ ಇದೆ. ಅದು ಯಾರೋ ಮೋಸ ಹೋದವರ ದುಡ್ಡು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದರೊಳಗೆ ನಾಲ್ಕಾರು ಖಾತೆ ದಾಟಿಸಿಬಿಡಬೇಕು.

ದೂರು ದಾಖಲಾದರೆ ದುಡ್ಡು ಮೊದಲು ಬಿದ್ದ ಖಾತೆಯನ್ನೇ ಮೊದಲು ಹಿಡಿಯುತ್ತಾರೆ. ಕೆಲವೊಮ್ಮೆ ಆ ಮೊತ್ತಕ್ಕಷ್ಟೇ ತಡೆ ಬೀಳುತ್ತದೆ, ಕೆಲವೊಮ್ಮೆ ಇಡೀ ಖಾತೆಯೇ ಫ್ರೀಜ್. ಅದೇ ಖಾತೆಗೆ ಆಧಾರ್ ಜೋಡಿಸಿದ್ದರೆ ವಿದ್ಯಾರ್ಥಿವೇತನ ಬಂದರೂ ತೆಗೆಯಲಾಗದು. ಆಮೇಲೆ ಬರುವುದು ಹೆಸರೂ ಕೇಳದ ಊರಿನ, ಬೇರೆ ರಾಜ್ಯದ ಸೈಬರ್ ಠಾಣೆಯ ನೋಟಿಸ್. ‘ನಂಗೇನೂ ಗೊತ್ತಿರಲಿಲ್ಲ’ ಅಂದರೆ ಅಲ್ಲಿಗೇ ಮುಗಿಯುವುದಿಲ್ಲ, ಖಾತೆ ತೆರೆಯುವಾಗ ಕೊಟ್ಟ ಗುರುತಿನ ದಾಖಲೆಯಲ್ಲಿ (ಕೆವೈಸಿ) ಇರುವ ಫೋಟೊ ಹುಡುಗನದ್ದೇ ತಾನೆ? 18 ತುಂಬದವನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾದೀತು. ಅಪ್ಪನ ಖಾತೆ ಕೊಟ್ಟಿದ್ದರೆ ನೋಟಿಸ್ ಅಪ್ಪನ ಹೆಸರಿಗೆ.

ಈಗಾಗಲೇ ಕೊಟ್ಟಾಗಿದ್ದರೆ ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಮೂರನ್ನೂ ಬ್ಲಾಕ್ ಮಾಡಿಸಿ. ಸಿಮ್ ಕಂಪನಿಯ ಅಂಗಡಿಗೆ ಹೋಗಿ ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಂಡರೆ ಹಳೆಯದು ಸಾಯುತ್ತದೆ. ಚಾಟ್ ಡಿಲೀಟ್ ಮಾಡಬೇಡಿ. ಖಾತೆ ಕೇಳಿದವನು ಯಾರು ಎನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಮುಖ್ಯ ಸಾಕ್ಷಿ ಅದೇ. ಅದನ್ನು ಹಿಡಿದುಕೊಂಡು, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು, ಜಿಲ್ಲೆಯ ಸೆನ್ (ಸೈಬರ್) ಠಾಣೆಗೆ ನೀವೇ ಮೊದಲು ಹೋಗಿ. ಖಾತೆ ಫ್ರೀಜ್ ಆಗಿದ್ದರೆ ದೂರಿನ ಸಂಖ್ಯೆ, ತಡೆಹಿಡಿದ ಮೊತ್ತ, ಯಾವ ಠಾಣೆ ಎಂಬುದನ್ನು ಶಾಖೆಯಲ್ಲಿ ಬರೆದುಕೊಟ್ಟು ಕೇಳಿ. ‘ಅನ್‌ಫ್ರೀಜ್ ಮಾಡಿಸಿಕೊಡ್ತೀನಿ, ಹತ್ತು ಸಾವಿರ ಕೊಡಿ’ ಅನ್ನುವವನು ಎರಡನೇ ಕಳ್ಳ.

‘ತಪ್ಪಿ ನಿಮ್ಮ ಖಾತೆಗೆ ಹಾಕಿದೆ, ಈ ನಂಬರಿಗೆ ವಾಪಸ್ ಕಳಿಸಿ’ ಎಂಬ ಕರೆಯೂ ಬಂದೀತು. ನೀವಾಗಿ ಕಳಿಸಬೇಡಿ. ಹಾಕಿದವರು ಅವರ ಬ್ಯಾಂಕಿನಲ್ಲಿ ದೂರು ಕೊಡಲಿ, ನೀವು ನಿಮ್ಮ ಬ್ಯಾಂಕಿಗೆ ತಿಳಿಸಿ.

ದುಡಿಯಬಾರದು ಅಂತಲ್ಲ. ಮದುವೆ ಮನೆಯಲ್ಲಿ ಬಡಿಸಲು ಹೋದರೂ ಪೇಪರ್ ಹಾಕಿದರೂ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರೂ ಕೆಲಸ ಆದ ಮೇಲೆ ಕೂಲಿ ಕೊಡುತ್ತಾರೆ. ಯಾವ ಕಾಂಟ್ರಾಕ್ಟರೂ ಎಟಿಎಂ ಕಾರ್ಡ್ ಕೇಳುವುದಿಲ್ಲ. ದುಡ್ಡು ಪಡೆಯಲು ಖಾತೆ ನಂಬರ್, ಐಎಫ್‌ಎಸ್‌ಸಿ ಅಥವಾ ಯುಪಿಐ ಐಡಿ ಸಾಕು, ಪಿನ್ ಬೇಕಿಲ್ಲ. ರಿಸರ್ವ್ ಬ್ಯಾಂಕಿನ 2025ರ ನಿಯಮದಂತೆ 10 ವರ್ಷ ದಾಟಿದ ಮಕ್ಕಳು, ಬ್ಯಾಂಕ್ ಒಪ್ಪಿದರೆ, ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು. ತೆರೆಯುವಾಗಲೇ ಕಾರ್ಡಿನ ದಿನದ ಮಿತಿಯನ್ನು ಒಂದೆರಡು ಸಾವಿರಕ್ಕೆ ಇಳಿಸಿ, ಎಸ್ಸೆಮ್ಮೆಸ್ ಮನೆಯವರ ಫೋನಿಗೂ ಬರುವಂತೆ ಮಾಡಲಾಗುತ್ತದೆಯೇ ಎಂದು ಶಾಖೆಯಲ್ಲಿ ವಿಚಾರಿಸಿ.