ಪ್ರೇತ, ಯಕ್ಷಿ, ದೈವ: 2025ರ ನನ್ನ ನಾಲ್ಕು ಚಿತ್ರಗಳು

ಕಳೆದ ವರ್ಷ ನನಗೆ ಹೆಚ್ಚು ಹಿಡಿಸಿದ ಚಿತ್ರಗಳ ಹೆಸರುಗಳನ್ನು ಒಂದು ಕಡೆ ಬರೆದು ನೋಡಿದರೆ ಅದು ಮಂತ್ರವಾದಿಯೊಬ್ಬನ ಡೈರಿಯಂತೆ ಕಾಣುತ್ತದೆ. ಜುಲೈ 25ರಂದು ಬಂದ ‘ಸು ಫ್ರಮ್ ಸೋ’ದಲ್ಲಿ ಪ್ರೇತ. ಆಗಸ್ಟ್ 28ರ ‘ಲೋಕಃ ಚಾಪ್ಟರ್ 1: ಚಂದ್ರ’ದಲ್ಲಿ ಯಕ್ಷಿ. ಅಕ್ಟೋಬರ್ 2ರ ‘ಕಾಂತಾರ: ಚಾಪ್ಟರ್ 1’ರಲ್ಲಿ ದೈವ. ಅಕ್ಟೋಬರ್ 31ರ ‘ಡೀಯಸ್ ಈರೇ’ಯಲ್ಲಿ ಮತ್ತೆ ಪ್ರೇತ. ಎರಡು ಕನ್ನಡ, ಎರಡು ಮಲಯಾಳಂ. ಎಲ್ಲವನ್ನೂ ಮೊದಲು ಚಿತ್ರಮಂದಿರದಲ್ಲಿ, ಆಮೇಲೆ ಮನೆಯ ಟಿವಿಯಲ್ಲಿ ನೋಡಿದ್ದೇನೆ. ಎರಡನೆಯ ಸಲ ನೋಡುವಾಗ ನನ್ನ ಅಂಕಪಟ್ಟಿ ಸಾಕಷ್ಟು ಮೇಲೆಕೆಳಗಾಯಿತು.

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಆಸುಪಾಸಿನಲ್ಲಿ ಬೆಳೆದವನಿಗೆ ಈ ನಾಲ್ಕರಲ್ಲಿ ಯಾವುದೂ ದೂರದ ಸಂಗತಿಯಲ್ಲ. ದೈವ ಮೈಮೇಲೆ ಬಂದು ಕುಣಿದು ನುಡಿ ಕೊಡುವ ಆರಾಧನೆ ಚಂದ್ರಗಿರಿ ಹೊಳೆಯ ಬಡಗು ದಡದಲ್ಲಿ ಕೋಲ, ತೆಂಕು ದಡದಲ್ಲಿ ತೆಯ್ಯಂ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಹೊಳೆ ದೈವಗಳನ್ನು ತಡೆದಂತೆ ಕಾಣುವುದಿಲ್ಲ. ನಮ್ಮ ಗುಳಿಗ ಆಚೆ ದಡದಲ್ಲಿ ಗುಳಿಗನ್ ತೆಯ್ಯವಾಗಿದ್ದಾನೆ. ನೀಲೇಶ್ವರದ ಪಾಲಂತಾಯಿ ಕಣ್ಣನ್ ಮಂಗಳೂರಿಗೆ ಓಡಿಹೋಗಿದ್ದವನು ಊರಿಗೆ ಮರಳುವಾಗ ವಿಷ್ಣುಮೂರ್ತಿ ದೈವವನ್ನು ಕರೆತಂದ ಎಂಬ ಐತಿಹ್ಯವನ್ನು ಎರಡೂ ಭಾಷೆಯವರು ಹೇಳುತ್ತಾರೆ. ಮನೆಯಲ್ಲಿ ಕೆಡುಕುಗಳು ಒಂದರ ಹಿಂದೆ ಒಂದಾಗಿ ಬಂದರೆ ಇಲ್ಲಿ ಪ್ರಶ್ನೆ ಇಡಿಸುತ್ತಾರೆ. ಜೋಯಿಸರು ಕವಡೆ ಸರಿಸಿ ಹುಡುಕುವುದು ಎರಡೇ ವಿಷಯ: ಉಪದ್ರ ಯಾರದ್ದು, ಅವರಿಗೆ ಬೇಕಾದದ್ದೇನು. ಪಾಳುಬಿದ್ದ ಕಟ್ಟೆಗೆ ದೀಪವೋ, ನಿಂತುಹೋದ ತಂಬಿಲವೋ (ದೈವಕ್ಕೆ ಸಲ್ಲಿಸುವ ಪೂಜೆ), ಮದುವೆಯಾಗದೆ ತೀರಿಹೋದ ಹುಡುಗಿಗೆ ಪ್ರೇತ ಮದುವೆಯೋ, ಏನಾದರೊಂದು ಬೇಡಿಕೆ ಇರುತ್ತದೆ. ನಾನು ಅರ್ಧ ನಂಬಿ ಅರ್ಧ ನಗುವವರ ಗುಂಪಿನವನು. ಆದರೂ ಭೂತದ ಚಿತ್ರ ನೋಡುವಾಗ ಆ ಜೋಯಿಸರ ಪ್ರಶ್ನೆಯೇ ನನ್ನ ಅಳತೆಗೋಲು. ತೆರೆಯ ಮೇಲೆ ಬಂದದ್ದಕ್ಕೆ ಏನು ಬೇಕು ಎಂಬುದು ಚಿತ್ರ ಮಾಡಿದವರಿಗೆ ಗೊತ್ತಿದೆಯೇ?

ಮೊದಲು ‘ಸು ಫ್ರಮ್ ಸೋ’. ನಿರ್ದೇಶಕ ಜೆ.ಪಿ. ತುಮಿನಾಡು ಅವರ ಹೆಸರಿನಲ್ಲಿರುವ ತುಮಿನಾಡು ಮಂಜೇಶ್ವರದ್ದು. ಅಂದರೆ ಚಿತ್ರ ನಮ್ಮ ಜಿಲ್ಲೆಯ ಮನುಷ್ಯನದ್ದು. ಇದಕ್ಕಾಗಿ ನಾನು ಅಂಕ ಹೆಚ್ಚು ಕೊಟ್ಟಿಲ್ಲ ಎಂದು ಹೇಳಿದರೆ ಯಾರೂ ನಂಬಲಾರರು, ಹಾಗಾಗಿ ಹೇಳುವುದಿಲ್ಲ. ಕಥೆ ತೀರಾ ಸಣ್ಣದು. ಅಶೋಕ ಎಂಬ ಯುವಕ ಮಾಡಬಾರದ ಇಣುಕಾಟವೊಂದರಿಂದ ತಪ್ಪಿಸಿಕೊಳ್ಳಲು ಮೈಮೇಲೆ ಬಂದವನಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನೆ ಅವನನ್ನು ಹಿಡಿದಿದ್ದಾಳೆ ಎಂದು ಊರು ತೀರ್ಮಾನಿಸುತ್ತದೆ. ಸೋಮೇಶ್ವರ ನಮಗೆ ತಲಪಾಡಿ ಗಡಿ ದಾಟಿ ಉಳ್ಳಾಲಕ್ಕಿಂತ ಮೊದಲೇ ಸಿಗುವ ಕಡಲತಡಿ. ಅಲ್ಲಿಂದ ಪ್ರೇತವೊಂದು ಬರುವುದಾದರೆ ಸಂಜೆಯ ಲೋಕಲ್ ಬಸ್ಸಿನಲ್ಲೇ ಬರಬಹುದು. ಭಯ ಹುಟ್ಟಬೇಕಾದ ಜಾಗದಲ್ಲಿ ನಗು ಹುಟ್ಟುವುದಕ್ಕೆ ಈ ಹತ್ತಿರವೇ ಕಾರಣ.

ಇಲ್ಲಿ ಪ್ರೇತವೇ ಇಲ್ಲ. ಹಾಗಾದರೆ ಬೇಡಿಕೆ ಯಾರದ್ದು? ಊರಿನವರದ್ದು. ಶನೀಲ್ ಗೌತಮ್ ಮಾಡಿರುವ ರವಿಯಣ್ಣನನ್ನೇ ತೆಗೆದುಕೊಳ್ಳಿ. ಮದುವೆಗೂ ಸಾವಿಗೂ ಮೊದಲು ತಲುಪುವ, ಯಾರೂ ನೇಮಿಸದಿದ್ದರೂ ಯಜಮಾನಿಕೆ ವಹಿಸಿಕೊಳ್ಳುವ, ವಯಸ್ಸು ಮೀರುತ್ತಿದ್ದರೂ ಮದುವೆಯಾಗದ ಮನುಷ್ಯ. ನಮ್ಮ ಪ್ರತಿ ಪೇಟೆಯಲ್ಲೂ ಇಂಥ ಒಬ್ಬ ಅಣ್ಣ ಇದ್ದಾನೆ. ಪೆಂಡಾಲಿನ ಕಂಬ ಎಲ್ಲಿ ನೆಡಬೇಕೆಂಬುದನ್ನು ಅವನೇ ಹೇಳಬೇಕು. ಅವನಿಗೆ ಬೇಕಾದದ್ದು ಊರು ತನ್ನ ಮಾತನ್ನು ಕೇಳುವುದು. ಪ್ರೇತ ಬಂದಿದೆ ಎಂದಾಗ ಅವನ ಮುಖದಲ್ಲಿ ಹೆದರಿಕೆಗಿಂತ ಮೊದಲು ಜವಾಬ್ದಾರಿ ಕಾಣಿಸುತ್ತದೆ. ಆ ಒಂದು ಕ್ಷಣದ ನಟನೆಗಾಗಿ ನಾನು ಚಿತ್ರವನ್ನು ಮತ್ತೆ ಹಾಕಿ ನೋಡಿದ್ದುಂಟು. ಹಾಗೆಯೇ ಒಬ್ಬೊಬ್ಬರಿಗೂ ಒಂದೊಂದು ಆಸೆ, ಎಲ್ಲರೂ ತಮ್ಮ ತಮ್ಮ ಆಸೆಯನ್ನು ಸುಲೋಚನೆಯ ಲೆಕ್ಕಕ್ಕೆ ಬರೆಯುತ್ತಾರೆ.

ಕೊರತೆ ಇಲ್ಲವೆಂದಲ್ಲ. ರಾಜ್ ಬಿ. ಶೆಟ್ಟಿ ಗುರೂಜಿಯಾಗಿ ಬಂದ ಮೇಲೆ ಕೆಲವು ದೃಶ್ಯಗಳು ಎಳೆದಂತಾಗುತ್ತವೆ. ಅಶೋಕನ ಇಣುಕಾಟವನ್ನು ಚಿತ್ರ ತೀರಾ ಸಲೀಸಾಗಿ ಮರೆಯುತ್ತದೆ. ಸುಲೋಚನೆಯ ಮಗಳು ಭಾನುವಾಗಿ ಸಂಧ್ಯಾ ಅರಕೆರೆ ಬಂದಾಗ ಚಿತ್ರಕ್ಕೆ ತೂಕ ಬರುತ್ತದೆ. ಆದರೆ ಅಷ್ಟು ಹೊತ್ತಿನವರೆಗೆ ನಗುತ್ತಿದ್ದ ಚಿತ್ರಮಂದಿರ ಆ ತೂಕಕ್ಕೆ ತಕ್ಷಣ ಹೊಂದಿಕೊಳ್ಳಲಿಲ್ಲ.

ಕನ್ನಡದ್ದನ್ನು ಮಂಗಳೂರಿನಲ್ಲಿ ನೋಡಿದೆ. ಆಗಸ್ಟ್ ಮೊದಲ ದಿನ ದುಲ್ಖರ್ ಸಲ್ಮಾನ್ ಅವರ ವೇಫೇರರ್ ಸಂಸ್ಥೆ ಮಲಯಾಳಂ ರೂಪವನ್ನು ಕೇರಳದಲ್ಲಿ ಬಿಡುಗಡೆ ಮಾಡಿತು. ಅದನ್ನು ಕಾಸರಗೋಡಿನಲ್ಲೇ, ಜೊತೆಗೆ ಕೆಲಸ ಮಾಡುವ ಮಲಯಾಳಿ ಗೆಳೆಯರೊಬ್ಬರನ್ನು ಕೂರಿಸಿಕೊಂಡು ನೋಡಿದೆ. ಡಬ್ಬಿಂಗ್ ಅಚ್ಚುಕಟ್ಟಾಗಿದೆ. ಆದರೆ ಮೂಲದಲ್ಲಿ ಹತ್ತು ಜನ ಒಟ್ಟಿಗೆ ಬಾಯಿಹಾಕುವ ದೃಶ್ಯಗಳ ಗದ್ದಲ ಇಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾತನಾಡಿದಂತೆ ಕೇಳಿಸಿತು. ಮೂಲದ ಕನ್ನಡಕ್ಕೆ ಬೆನ್ನಿಗೆ ತುಳು ಇದೆ. ಮಲಯಾಳಂನಲ್ಲಿ ಆ ಬೆನ್ನು ಇಲ್ಲ. ಗೆಳೆಯರು ಮಾತ್ರ ಬಿದ್ದುಬಿದ್ದು ನಕ್ಕರು. ಹೊರಗೆ ಬಂದು, ‘ಮಾಷೇ, ನಿಮ್ಮ ಊರಿನವರು ನಿಜಕ್ಕೂ ಇಷ್ಟು ಮಾತನಾಡುತ್ತಾರೆಯೇ?’ ಎಂದು ಕೇಳಿದರು. ಅವರ ಮನೆ ಇರುವುದು ನಮ್ಮ ಊರಿನಿಂದ ಒಂದೆರಡು ನಿಲ್ದಾಣ ಆಚೆ.

‘ಲೋಕಃ’ ಇದರ ನೇರ ಎದುರಾಳಿ, ಏಕೆಂದರೆ ಅದರ ಯಕ್ಷಿ ಊರುಬಿಟ್ಟವಳು. ಅವಳ ಮೂಲವಾದ ಕಳ್ಳಿಯಂಕಾಡಿನ ನೀಲಿಯ ಐತಿಹ್ಯ ತಿರುವಿದಾಂಕೂರಿನ ತೆಂಕು ತುದಿಯದ್ದು. ದಾರಿಹೋಕರನ್ನು ನಿಲ್ಲಿಸಿ ವೀಳ್ಯಕ್ಕೆ ಸುಣ್ಣ ಕೇಳುವ ಯಕ್ಷಿಯ ಕಥೆಗಳನ್ನು ಕೇಳಿ ಬೆಳೆದವರಿಗೆ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದು ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವ ಯಕ್ಷಿ ಒಂದು ಒಳ್ಳೆಯ ತಮಾಷೆ. ನಿರ್ದೇಶಕ ಡೊಮಿನಿಕ್ ಅರುಣ್ ಆ ತಮಾಷೆಯನ್ನು ಗಂಭೀರ ಮುಖ ಇಟ್ಟುಕೊಂಡು ಹೇಳುತ್ತಾರೆ. ಕಲ್ಯಾಣಿ ಪ್ರಿಯದರ್ಶನ್ ಕಡಿಮೆ ಮಾತಿನಲ್ಲಿ ಪಾತ್ರವನ್ನು ನಿಲ್ಲಿಸಿದ್ದಾರೆ, ಎದುರು ಮನೆಯ ಹುಡುಗನಾಗಿ ನಸ್ಲೆನ್ ಬೆಪ್ಪಾಗುವ ಕೆಲಸವನ್ನು ಪೂರ್ತಿ ವಹಿಸಿಕೊಂಡಿದ್ದಾರೆ. ನಿಮಿಷ್ ರವಿ ಅವರ ಕ್ಯಾಮರಾದಲ್ಲಿ ರಾತ್ರಿಗೆ ಕೆಂಪು ಬಣ್ಣ.

ಬೇಡಿಕೆ ಏನು? ಅದರ ಉತ್ತರ ಹಿಂದಿನ ಕಾಲದ ದೃಶ್ಯದಲ್ಲಿದೆ. ಕಾಡಿನ ಜನ ದೇವಸ್ಥಾನದ ಒಳಗೆ ಕಾಲಿಟ್ಟರೆಂದು ಅರಸನ ಪಡೆ ಬರುತ್ತದೆ, ಒಂದು ಮಗು ಉಳಿಯುತ್ತದೆ. ಆ ಮಗುವಿಗೆ ಬೇಕಾದದ್ದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಇಡೀ ಚಿತ್ರದಲ್ಲಿ ನನಗೆ ಉಸಿರು ಕಟ್ಟಿದ್ದು ಅಲ್ಲಿ ಮಾತ್ರ. ಅಲ್ಲಿಂದ ಬೆಂಗಳೂರಿಗೆ ಮರಳಿದ ಮೇಲೆ ಯಕ್ಷಿಗೆ ತನ್ನದೆಂಬ ಬೇಡಿಕೆ ಉಳಿಯುವುದಿಲ್ಲ, ಮುಂದಿನ ಭಾಗಗಳಿಗೆ ದಾರಿ ಮಾಡಿಕೊಡುವ ಕೆಲಸ ಮಾತ್ರ ಉಳಿಯುತ್ತದೆ. ಬೆಂಗಳೂರಿನ ಕುರಿತ ಒಂದು ಸಂಭಾಷಣೆಗೆ ಆಕ್ಷೇಪ ಬಂದು, ನಿರ್ಮಾಣ ಸಂಸ್ಥೆ ಕನ್ನಡಿಗರ ಕ್ಷಮೆ ಕೇಳಿದ್ದು ನೆನಪಿರಬಹುದು. ನನಗೆ ಆ ಸಂಭಾಷಣೆಗಿಂತ ಹೆಚ್ಚು ಚುಚ್ಚಿದ್ದು, ಇಷ್ಟು ದೊಡ್ಡ ಊರು ಇಲ್ಲಿ ಬರೀ ಕತ್ತಲೆಯ ಹಿನ್ನೆಲೆಯಾಗಿ ನಿಂತದ್ದು. ಪ್ರಪಂಚದಾದ್ಯಂತ 300 ಕೋಟಿ ರೂಪಾಯಿ ದಾಟಿದ ಮೊದಲ ಮಲಯಾಳಂ ಚಿತ್ರಕ್ಕೆ ನನ್ನ ಗೊಣಗಾಟದಿಂದ ನಷ್ಟವೇನಿಲ್ಲ.

ವಿಚಿತ್ರವೆಂದರೆ ‘ಕಾಂತಾರ: ಚಾಪ್ಟರ್ 1’ರ ಬುಡದಲ್ಲಿರುವುದೂ ಇದೇ ಜಗಳ: ಕಾಡಿನ ಜನ ಒಂದು ಕಡೆ, ಅರಸು ಮನೆತನ ಇನ್ನೊಂದು ಕಡೆ. ‘ಲೋಕಃ’ ಒಂದು ಸಣ್ಣ ತುಣುಕಿನಲ್ಲಿ ಹೇಳಿ ಮುಗಿಸಿದ್ದನ್ನು ‘ಕಾಂತಾರ’ ಎರಡೂಮುಕ್ಕಾಲು ಗಂಟೆ ಹೇಳುತ್ತದೆ. ಅದರಲ್ಲಿ ಸಂತೆಯ ನಡುವೆ ರಥ ಹಿಡಿತ ತಪ್ಪಿ ನುಗ್ಗುವ ದೃಶ್ಯಕ್ಕೆ ಕೊಟ್ಟ ದುಡ್ಡು ಸಂದಿತು. ಆ ಟಿಕೆಟಿನ ದುಡ್ಡೂ ಕಡಿಮೆಯದ್ದಲ್ಲ: ಕರ್ನಾಟಕ ಸರಕಾರ ಟಿಕೆಟಿಗೆ ಹಾಕಿದ 200 ರೂಪಾಯಿಯ ಮಿತಿಗೆ ಹೈಕೋರ್ಟ್ ಸೆಪ್ಟೆಂಬರಿನಲ್ಲೇ ತಡೆ ಕೊಟ್ಟಿತ್ತು, ಗಡಿ ದಾಟಿ ಹೋದವರು ಕೇಳಿದಷ್ಟು ತೆರಲೇಬೇಕಿತ್ತು. ರಾಜಕುಮಾರಿ ಕನಕವತಿಯಾಗಿ ರುಕ್ಮಿಣಿ ವಸಂತ್ ನನ್ನ ನಿರೀಕ್ಷೆಯನ್ನು ಮೀರಿದರು. ಜಯರಾಮ್ ಅವರನ್ನು ಕನ್ನಡದಲ್ಲಿ ಅರಸನಾಗಿ ಕಂಡಾಗ ನಮ್ಮ ಸಾಲಿನಲ್ಲಿ ಶಿಳ್ಳೆ ಹೊಡೆದವರು ಕಾಸರಗೋಡಿನವರೇ ಇರಬೇಕು.

ಆದರೆ ದೈವ? ಕೋಲ ನೋಡಿ ಬೆಳೆದವರಿಗೆ ಗೊತ್ತು, ರಾತ್ರಿಯ ಹೆಚ್ಚಿನ ಪಾಲು ಕಾಯುವುದರಲ್ಲೇ ಹೋಗುತ್ತದೆ. ಬೆನ್ನಿಗೆ ಅಣಿ ಎಂಬ ದೊಡ್ಡ ಪ್ರಭಾವಳಿ ಕಟ್ಟುವುದನ್ನು ಕಾಯಬೇಕು, ದೈವದ ಕಥೆ ಹೇಳುವ ಪಾಡ್ದನದ ಹಾಡು ಮುಗಿಯುವುದನ್ನು ಕಾಯಬೇಕು. ಕಾಲಿನ ಗಗ್ಗರದ ಸದ್ದು ಜೋರಾಗುವ ಹೊತ್ತು ಚಿಕ್ಕದು. ಅದಾದ ಮೇಲೆ ದೈವ ಒಂದೊಂದು ಮನೆತನದ ಹೆಸರು ಹಿಡಿದು ಕರೆದು, ದೂರು ಕೇಳಿ, ಬೈದು, ನುಡಿ ಕೊಡುತ್ತದೆ. ಜಾಗದ ತಕರಾರು, ಮಾತು ಬಿಟ್ಟ ಅಣ್ಣತಮ್ಮ, ಮರೆತ ಹರಕೆ, ಎಲ್ಲವೂ ಅಲ್ಲಿ ಬರುತ್ತದೆ. ನನಗೆ ಕೋಲವೆಂದರೆ ಆ ಮಾತುಕತೆ. 2022ರ ಮೊದಲ ‘ಕಾಂತಾರ’ದಲ್ಲಿ ಅದರ ರುಚಿ ಇತ್ತು. ಈ ಸಲ ದೈವ ಬರುವುದು ಹೊಡೆದಾಟ ಗೆಲ್ಲುವುದಕ್ಕೆ. ಒಂದಾದ ಮೇಲೆ ಒಂದು ಶಕ್ತಿ ನಾಯಕ ಬೆರ್ಮೆಯ ಮೈಗೆ ಇಳಿಯುತ್ತದೆ, ರಿಷಬ್ ಶೆಟ್ಟಿ ಜೀವ ಒತ್ತೆಯಿಟ್ಟು ನಟಿಸುತ್ತಾರೆ, ಅಜನೀಶ್ ಲೋಕನಾಥ್ ಅವರ ಸಂಗೀತ ಎದೆಗೆ ಗುದ್ದುತ್ತದೆ. ಆದರೆ ಬಂದ ದೈವಕ್ಕೆ ನಮ್ಮಿಂದ ಏನೂ ಬೇಡ. ಬೇಡಿಕೆಯಿಲ್ಲದ ದೈವದ ಮುಂದೆ ನಾನು ಬರೀ ಪ್ರೇಕ್ಷಕ. ಟಿವಿಯಲ್ಲಿ ನೋಡುವಾಗ ಆ ಅಬ್ಬರವೂ ಅರ್ಧಕ್ಕೆ ಇಳಿಯಿತು.

ನನ್ನ ಅತ್ತೆಯನ್ನು ಈ ಚಿತ್ರಕ್ಕೆ ಕರೆದಿದ್ದೆ. ‘ದೈವ ಬಂದಾಗ ಎದ್ದು ನಿಲ್ಲಬೇಕೋ, ಕುಳಿತು ಕಡಲೆ ತಿನ್ನಬೇಕೋ, ನೀನೇ ಹೇಳು ಮಗ’ ಎಂದು ಅವರು ಮನೆಯಲ್ಲೇ ಉಳಿದರು. ಚಿತ್ರಮಂದಿರಗಳಲ್ಲಿ ದೈವವನ್ನು ಅನುಕರಿಸಬೇಡಿ ಎಂದು ಚಿತ್ರತಂಡವೇ ಬೇಡಿಕೊಳ್ಳಬೇಕಾಗಿ ಬಂದಾಗ ಅತ್ತೆಗೆ ತಾನು ಗೆದ್ದೆ ಎನಿಸಿರಬೇಕು. ಒಂದು ವಾರ ಅದೇ ಸುದ್ದಿ.

‘ಡೀಯಸ್ ಈರೇ’ಯ ಬಗ್ಗೆ ಕಥೆ ಬಿಟ್ಟುಕೊಡದೆ ಮಾತನಾಡುವುದು ಕಷ್ಟ. ರಾಹುಲ್ ಸದಾಶಿವನ್ ಅವರು 2022ರ ‘ಭೂತಕಾಲಂ’, 2024ರ ‘ಭ್ರಮಯುಗಂ’ ಆದ ಮೇಲೆ ಮಾಡಿದ ಚಿತ್ರ. ಪ್ರಣವ್ ಮೋಹನ್‌ಲಾಲ್ ಮಾಡಿರುವ ರೋಹನ್ ದುಡ್ಡಿರುವ ಮನೆಯ ಹುಡುಗ, ವೃತ್ತಿಯಲ್ಲಿ ವಾಸ್ತುಶಿಲ್ಪಿ, ದೊಡ್ಡ ಮನೆಯಲ್ಲಿ ಒಬ್ಬನೇ. ಗೆಳೆತನವಿದ್ದ ಹುಡುಗಿಯೊಬ್ಬಳ ಸಾವಿನ ಮನೆಗೆ ಹೋದವನು ಅವಳ ಕೂದಲಿನ ಕ್ಲಿಪ್ಪನ್ನು ಎತ್ತಿಕೊಂಡು ಬರುತ್ತಾನೆ. ಅಷ್ಟೇ. ಅಂಗೈಯಲ್ಲಿ ಅಡಗುವ ಒಂದು ವಸ್ತು. ಉಳಿದದ್ದೆಲ್ಲ ಅದರಿಂದ ಶುರುವಾಗುತ್ತದೆ. ನಮ್ಮಲ್ಲಿ ಸಾವಿನ ಮನೆಯಿಂದ ಬರುವಾಗ ಒಂದು ಹುಲ್ಲುಕಡ್ಡಿಯನ್ನೂ ತರಬಾರದು ಎನ್ನುವ ಹಿರಿಯರು ಈಗಲೂ ಇದ್ದಾರೆ, ಅವರಿಗೆ ಈ ಚಿತ್ರದ ತರ್ಕ ಒಂದೇ ಏಟಿಗೆ ಅರ್ಥವಾದೀತು.

ಜಿಬಿನ್ ಗೋಪಿನಾಥ್ ಮಾಡಿರುವ ಪೋಟ್ಟಿಯ ಪಾತ್ರ ನನಗೆ ಪ್ರಣವ್‌ಗಿಂತಲೂ ಹೆಚ್ಚು ಇಷ್ಟವಾಯಿತು. ಅವನು ಕೂಗಾಡುವ ಮಂತ್ರವಾದಿಯಲ್ಲ. ಕಟ್ಟಡದ ಕೆಲಸ ಮಾಡಿಸುವ ಸಾದಾ ಮನುಷ್ಯ, ಮನೆತನದಿಂದ ಬಂದ ಒಂದಿಷ್ಟು ತಿಳಿವಳಿಕೆ ಇದೆ. ಅವನು ರೋಹನ್‌ನನ್ನು ಕೂರಿಸಿಕೊಂಡು ಕೇಳುವುದು ನಮ್ಮ ಜೋಯಿಸರ ಪ್ರಶ್ನೆಯನ್ನೇ: ಯಾರು, ಏಕೆ, ಏನು ಬೇಕಂತೆ. ನಾಲ್ಕೂ ಚಿತ್ರಗಳಲ್ಲಿ ಈ ಪ್ರಶ್ನೆಯನ್ನು ಕಥೆಯ ಬೆನ್ನೆಲುಬಾಗಿ ಮಾಡಿಕೊಂಡದ್ದು ಇದೊಂದೇ. ಉತ್ತರ ನಾವು ಅಂದುಕೊಂಡ ಕಡೆಯಿಂದ ಬರುವುದಿಲ್ಲ. ಬಂದ ಮೇಲೆ ಹಿಂದಿನ ಸದ್ದುಗಳೆಲ್ಲ ಬೇರೆ ಅರ್ಥ ಕೊಡುತ್ತವೆ. ಕ್ರಿಸ್ಟೋ ಕ್ಸೇವಿಯರ್ ಅವರ ಸಂಗೀತ ಸುಮ್ಮನಿರಬೇಕಾದ ಕಡೆ ಸುಮ್ಮನಿರುತ್ತದೆ. ನಾನು ಮೊದಲು ನೋಡಿದ ಚಿತ್ರಮಂದಿರದಲ್ಲಿ ಎಡಗಡೆಯ ಸ್ಪೀಕರ್ ಕರಕರ ಎನ್ನುತ್ತಿತ್ತು, ಅದೂ ಪ್ರೇತವೆಂದೇ ಎಲ್ಲರೂ ತಿಳಿದಿದ್ದೆವು. ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡಿದಾಗಲೇ ಇದರ ಪೂರ್ತಿ ಕೆಲಸ ಕಿವಿಗೆ ಬಿದ್ದದ್ದು. ಕೊನೆಯ ಭಾಗದಲ್ಲಿ ರಕ್ತ ಸ್ವಲ್ಪ ಹೆಚ್ಚಾಯಿತು ಎಂಬುದಷ್ಟೇ ನನ್ನ ತಕರಾರು.

ಭೂತವಿಲ್ಲದ ಎರಡು ಚಿತ್ರಗಳ ಹೆಸರನ್ನೂ ಹೇಳಬೇಕು. ಏಪ್ರಿಲ್ 25ರಂದು ಬಂದ ‘ತುಡರುಂ’ನಲ್ಲಿ ಕಪ್ಪು ಅಂಬಾಸಿಡರ್ ಕಾರು, ಮೋಹನ್‌ಲಾಲ್, ಶೋಭನಾ, ಮೊದಲರ್ಧ ಬಲು ಸೊಗಸು, ಆಮೇಲೆ ಅಭಿಮಾನಿಗಳ ಪಾಲು. ಮಾರ್ಚ್‌ನಲ್ಲಿ ಬಂದು ಸದ್ದಿಲ್ಲದೆ ಹೋದ ಸುಮಂತ್ ಭಟ್ ಅವರ ‘ಮಿಥ್ಯ’ವನ್ನು ಮಾತ್ರ ಹುಡುಕಿ ನೋಡಿ. ಅಪ್ಪ ಅಮ್ಮನನ್ನು ಕಳೆದುಕೊಂಡು ಮುಂಬೈಯಿಂದ ಕರಾವಳಿಗೆ ಬಂದ ಹುಡುಗನ ಕಥೆ. ‘ಸು ಫ್ರಮ್ ಸೋ’ದಲ್ಲಿ ನಗಿಸಿದ ಪ್ರಕಾಶ್ ತುಮಿನಾಡು ಇಲ್ಲಿ ಹುಡುಗನನ್ನು ಮನೆಗೆ ಕರೆತರುವ ಚಿಕ್ಕಪ್ಪನಂಥ ಪಾತ್ರದಲ್ಲಿದ್ದಾರೆ. ಏನು ಮಾತನಾಡಬೇಕೆಂದು ತಿಳಿಯದೆ ನಿಲ್ಲುವ ಆ ನಿಲುವನ್ನು ಎರಡೂ ಚಿತ್ರ ನೋಡಿದವರು ಪಕ್ಕಪಕ್ಕ ಇಟ್ಟು ನೋಡಬೇಕು.

ನನ್ನ ಸಾಲು ಹೀಗೆ: ಮೊದಲು ‘ಸು ಫ್ರಮ್ ಸೋ’, ಕೂದಲೆಳೆಯಷ್ಟು ಹಿಂದೆ ‘ಡೀಯಸ್ ಈರೇ’, ಆಮೇಲೆ ‘ಲೋಕಃ’, ಕೊನೆಗೆ ‘ಕಾಂತಾರ: ಚಾಪ್ಟರ್ 1’. ಚಿತ್ರಮಂದಿರದ ಅನುಭವವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಕೊನೆಯದ್ದು ಎರಡನೆಯ ಜಾಗಕ್ಕೆ ಏರುತ್ತದೆ. ‘ಸು ಫ್ರಮ್ ಸೋ’ವನ್ನು ಕನ್ನಡದಲ್ಲೇ ನೋಡಿ, ಮನೆಯಲ್ಲಿ ನಾಲ್ಕು ಜನ ಕೂಡಿದ ದಿನ ನೋಡಿ. ‘ಡೀಯಸ್ ಈರೇ’ಗೆ ಎ ಪ್ರಮಾಣಪತ್ರ ಇದೆ, ಮಕ್ಕಳನ್ನು ಮಲಗಿಸಿದ ಮೇಲೆ ಹಾಕಿ. ಅತ್ತೆಗೆ ‘ಲೋಕಃ’ ತೋರಿಸಿದೆ. ಯಕ್ಷಿ ಒಳ್ಳೆಯವಳು, ಆ ಎದುರು ಮನೆಯ ಹುಡುಗನಿಗೆ ಮಾತ್ರ ಬುದ್ಧಿ ಇಲ್ಲ ಎಂದರು.